ಅರವತ್ತಮೂರು ಪ್ರವಾಸಿಗರು

ಅಳತೆಯಲ್ಲಿ ಒಂದೂವರೆ ಅಡಿಯಾದರೂ ಗೌರವದಲ್ಲಿ ಮುಗಿಲು ಮುಟ್ಟಿದ ಈ ವೇದಿಕೆಯ ಮೇಲೆ, ಸಾರ್ವಜನಿಕ ನೀತಿಯೇ ಜರಿಯಂಚಿನ ಸೀರೆಯುಟ್ಟು ಬಂದಂತೆ ವಿರಾಜಮಾನರಾಗಿರುವ ನಮ್ಮ ಸ್ನಾತಕೋತ್ತರ ಶಾಲೆಯ ನಿರ್ದೇಶಕಿ ಪರಮೇಶ್ವರಿ ಮೇಡಂ ಅವರೇ. ಮೂವತ್ತನಾಲ್ಕು ವರ್ಷ ಸರ್ಕಾರಿ ಕಡತಗಳನ್ನು ಹೊತ್ತು ಹೆಗಲು ವಾಲಿದ್ದರೂ ನ್ಯಾಯವನ್ನು ಎಂದೂ ವಾಲಗೊಡದ ಸಭಾಧ್ಯಕ್ಷ ಗೋಪಾಲಕೃಷ್ಣ ಅವರೇ. ಪದೇ ಪದೇ ಕೈಗಡಿಯಾರ ನೋಡುತ್ತ ಕಾಲದ ಮಹತ್ವವನ್ನು ನಮಗೆ ಮೌನವಾಗಿ ಬೋಧಿಸುತ್ತಿರುವ ಪಂಚಾಯಿತಿ ಸದಸ್ಯರೇ. ಇಂದು ಬೆಳಿಗ್ಗೆಯಷ್ಟೇ ಕೊರಳಿಗೆ ಗುರುತಿನ ಚೀಟಿ ಬಿದ್ದು, ಆಗಲೇ ದೇಶದ ಭಾರವೆಲ್ಲ ತಮ್ಮ ಮೇಲೆ ಬಂದಂತೆ ಮುಖ ಮಾಡಿರುವ ನಲವತ್ತು ಹೊಸ ವಿದ್ಯಾರ್ಥಿಗಳೇ. ಮತ್ತು ಎಲ್ಲರಿಗಿಂತ ಮಿಗಿಲಾಗಿ, ಮುಂದಿನ ಸಾಲುಗಳಲ್ಲಿ ಬ್ಯಾಗುಗಳನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿರುವ, ಉತ್ತರ ಕರ್ನಾಟಕದಿಂದ ಗಡಿ ದಾಟಿ ಬಂದು ಇಲ್ಲಿನ ಬೀಚಿನಲ್ಲಿ ಸರ, ಗೆಜ್ಜೆ, ಕನ್ನಡಿ ಹಚ್ಚಿದ ಚೀಲ ಮಾರುವ ನಮ್ಮ ಅವ್ವಂದಿರೇ, ಕಾಕಾಂದಿರೇ, ಸಮಸ್ತ ಸಭಿಕರೇ.

ನಾನು ರೇಣು, ಎರಡನೇ ವರ್ಷದ ವಿದ್ಯಾರ್ಥಿನಿ. ಈ ಶಾಲೆಯಲ್ಲಿ ಹೊಸ ವರ್ಷದ ಸ್ವಾಗತ ಇಂಗ್ಲಿಷಿನಲ್ಲಿ ನಡೆಯುವುದು ರೂಢಿ. ಈ ಸಲ ಕನ್ನಡದಲ್ಲೇಕೆ? ಬರುವ ಸೋಮವಾರ ನಮ್ಮ ವಿದ್ಯಾರ್ಥಿಗಳು ಬೀಚಿನ ವ್ಯಾಪಾರಿಗಳನ್ನು ಎಣಿಸಲು ಹೋಗುತ್ತಿದ್ದಾರೆ. ಎಣಿಕೆಗೆ ಸಿಗುವವರಿಗೆ ತಿಳಿಯುವ ಭಾಷೆಯಲ್ಲಿ ಸ್ವಾಗತ ಮಾಡು ಎಂದು ಮೇಡಂ ಅಪ್ಪಣೆ ಕೊಟ್ಟರು. ನನಗೇ ಏಕೆ ಕೊಟ್ಟರು? ಮೊದಲ ಸಾಲಿನ ಮೂರನೇ ಕುರ್ಚಿಯಲ್ಲಿ ಕೂತಿರುವ ಗೌರಿಬಾಯಿ ನನ್ನ ತಾಯಿ. ಬೆಳಿಗ್ಗೆ ನನ್ನ ಹೊಸ ಉಡುಪು ನೋಡಿ, "ಏನವಾ, ಭಾಷಣಾ ಮಾಡಾಕ ಹೊಂಟೀಯೋ, ಲಗ್ನಾ ಮಾಡ್ಕೊಳ್ಳಾಕ ಹೊಂಟೀಯೋ?" ಎಂದು ಕೇಳಿದವರು ಇವರೇ.

ಹೊಸ ಮಿತ್ರರೇ, ಸಾರ್ವಜನಿಕ ನೀತಿ ಎಂದರೇನು? ಎರಡು ವರ್ಷ ಇದನ್ನೇ ಕೇಳುತ್ತೀರಿ. ನನಗೆ ಒಂದೇ ವರ್ಷದಲ್ಲಿ ತಿಳಿಯಿತು. ಒಂದು ಪ್ರಶ್ನೆ ಕೇಳುವುದು, ಬಂದ ಉತ್ತರ ಬರೆದುಕೊಳ್ಳುವುದು, ಆಮೇಲೆ ಆ ಉತ್ತರದ ಮೇಲೆ ಸಿಮೆಂಟು ಸುರಿಯುವುದು.

ಹೋದ ವರ್ಷದ ಮಾತು. ಬೀಚಿನ ವ್ಯಾಪಾರಿಗಳಿಗೆಂದು ನೆರಳಿನ ಕಟ್ಟೆ ಕಟ್ಟುವ ವಿಚಾರ ಪಂಚಾಯಿತಿಗೆ ಬಂತು. ಎಷ್ಟು ಜನರಿಗೆ ಜಾಗ ಬೇಕು ಎಂದು ನಮ್ಮ ಶಾಲೆಯನ್ನು ಕೇಳಿದರು. ನಮ್ಮ ಮನೆಯವರನ್ನು ನಾವೇ ಎಣಿಸುವಂತಿಲ್ಲ ಎಂಬ ನಿಯಮವಿದೆಯಾದ್ದರಿಂದ ನನ್ನನ್ನು ಕಾರ್ಮಿಕರ ಎಣಿಕೆಗೆಂದು ದೂರದ ಕುಂಕಳ್ಳಿಯ ಕಾರ್ಖಾನೆಗಳಿಗೆ ಕಳಿಸಿ, ಬೀಚಿಗೆ ನನ್ನ ಸಹಪಾಠಿ ಮಿಲಿಂದನನ್ನು ಕಳಿಸಿದರು. ಮಿಲಿಂದ ಧಾರವಾಡದ ಕಡೆಯ ಬ್ಯಾಂಕ್ ಅಧಿಕಾರಿಯ ಮಗ. ಮರಳಿಗೆ ಇಳಿಯುವ ಮೊದಲು ಸಾಕ್ಸ್ ಬಿಚ್ಚಿ, ಮಡಚಿ, ಜೇಬಿನಲ್ಲಿ ಇಟ್ಟುಕೊಳ್ಳುವಷ್ಟು ಶಿಸ್ತಿನವನು. ಅವನು ಮೊದಲು ಮಾತಾಡಿಸಿದ್ದು ನನ್ನ ತಾಯಿಯನ್ನೇ.

"ಅವ್ವಾರ, ನೀವು ಏನ್ ಕೆಲಸಾ ಮಾಡ್ತೀರಿ?"

"ಕೆಲಸಾ? ನಾವು ತಿರಗಾಡಾಕ ಬಂದೇವ್ರಿ."

"ಮತ್ತ ಬ್ಯಾಗಿನ್ಯಾಗ ಇಷ್ಟ ಸರಾ ಅದಾವಲ್ರಿ?"

"ಹಾಕ್ಕೊಳ್ಳಾಕರಿ. ನನಗ ಸರಾ ಅಂದ್ರ ಭಾಳ ಸೇರ್ತಾವು."

"ಇನ್ನೂರು ಸರಾ?"

"ಮುಂಜಾನಿ ಒಂದು, ಸಂಜಿಗೊಂದು. ಊರಿಗೆ ಹೋಗೂದು ಇನ್ನೂ ಭಾಳ ದಿವ್ಸ ಐತ್ರಿ."

ನಗಬೇಡಿ. ಇದು ಈ ಜನರ ಪದ್ಧತಿ. ಅಧಿಕಾರಿ ಕಂಡ ಕೂಡಲೇ ಬ್ಯಾಗಿನ ಜಿಪ್ ಎಳೆದು ಸಮುದ್ರದ ಕಡೆ ಮುಖ ಮಾಡಿ ಪ್ರವಾಸಿಗರಾಗುವುದು. ಮಾರುವುದು ಕಂಡರೆ ಬ್ಯಾಗು ಕಸಿದುಕೊಳ್ಳುತ್ತಾರೆ, ಬ್ಯಾಗು ಹೋದರೆ ಅರ್ಧ ಸೀಜನ್ನು ಹೋಯಿತು. ಮಿಲಿಂದನಿಗೆ ಇದು ಹೇಗೆ ಗೊತ್ತಿರಬೇಕು? ಪ್ರಾಮಾಣಿಕ ಹುಡುಗ, ಕೇಳಿದ್ದನ್ನು ಬರೆದ. ಅರವತ್ತಮೂರು ಜನರನ್ನು ಕೇಳಿದ, ಅರವತ್ತಮೂರೂ ಪ್ರವಾಸಿಗರು. ವ್ಯಾಪಾರಿಗಳು: ಇಲ್ಲ. ಉತ್ತರ ಕರ್ನಾಟಕದ ಪ್ರವಾಸಿಗರ ಆಭರಣಪ್ರೀತಿಯ ಬಗ್ಗೆ ವರದಿಯಲ್ಲಿ ಒಂದು ಪುಟವೇ ಇತ್ತು, ನಕ್ಷೆಯ ಸಮೇತ.

ಪಂಚಾಯಿತಿ ಆ ವರದಿಯನ್ನು ನಂಬಿತು. ತಪ್ಪೇನು? ವರದಿ ಇರುವುದೇ ನಂಬಲಿಕ್ಕೆ. ನೆರಳು ಎದ್ದಿತು. ಅದರ ಕೆಳಗೆ ಬೆಂಚುಗಳು ಬಂದವು, ಒಂದು ಫಲಕ ಬಂತು: ಪ್ರವಾಸಿಗರ ವಿಶ್ರಾಂತಿಗೆ ಮಾತ್ರ, ವ್ಯಾಪಾರ ಕೂಡದು.

ಆ ಸೀಜನ್ನಿನಲ್ಲಿ ನನ್ನ ತಾಯಿ ನೆರಳಿನ ಹೊರಗೆ ನಿಂತೇ ಮಾರಿದರು. ಒಂದು ಮಧ್ಯಾಹ್ನ ಬಿಸಿಲು ತಾಳದೆ ಬೆಂಚಿನ ಮೇಲೆ ಕೂತರು. ಕೂತವರು ಸುಮ್ಮನಿರದೆ ಬ್ಯಾಗು ತೆರೆದರು. ಬ್ಯಾಗು ಹೋಯಿತು. ಮಳೆಗಾಲದ ನಾಲ್ಕು ತಿಂಗಳು ಕೂತು ಹೊಲಿದ ಕನ್ನಡಿ ಚೀಲಗಳೆಲ್ಲ ಅದರಲ್ಲಿದ್ದವು. ಅಂದು ಮನೆಗೆ ಬಂದವರು ಬಾಗಿಲಲ್ಲಿ ನಿಂತೇ ಇದ್ದರು. ಇಷ್ಟು ವರ್ಷ ಭಾರ ಹೊತ್ತ ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ. "ಹೋಗ್ಲಿ ಬಿಡ, ಕೈ ಹಗರ ಆದ್ವು" ಎಂದರು. ಮಾತಿನಮಲ್ಲಿ ಎಂದು ಹೆಸರಾದ ನಾನು ನೀರು ತರುವ ನೆಪದಲ್ಲಿ ಒಳಗೆ ಹೋದೆ.

ಮೇಡಂ ಹತ್ತಾರು ಸಲ ಅಲೆದು, ಇನ್ನೊಮ್ಮೆ ಎಣಿಸಲು ಪಂಚಾಯಿತಿಯನ್ನು ಒಪ್ಪಿಸಿದ್ದಾರೆ. ಒಮ್ಮೆ ಮಾತ್ರ. ಸೋಮವಾರ ಈ ಜನ ತಾವು ವ್ಯಾಪಾರಿಗಳೆಂದು ಹೇಳಿದರೆ ಬೆಂಚು ಹೋಗಿ ಅರವತ್ತಮೂರು ಜಾಗ ಬರುತ್ತವೆ. ಮತ್ತೆ ಪ್ರವಾಸಿಗರಾದರೆ ಫಲಕ ಅಲ್ಲಿಯೇ ಉಳಿಯುತ್ತದೆ. ಮೂರನೇ ಎಣಿಕೆ ಇಲ್ಲ. ಹೌದಲ್ಲವೇ, ಸದಸ್ಯರೇ? ಅವರು ತಲೆಯಾಡಿಸಿದ್ದನ್ನು ಎಲ್ಲರೂ ನೋಡಿದಿರಿ.

ಆದ್ದರಿಂದ, ನಲವತ್ತು ಮಿತ್ರರೇ, ಹೋದ ಕೂಡಲೇ ಪ್ರಶ್ನೆ ಕೇಳಬೇಡಿ. ಪಕ್ಕದಲ್ಲಿ ಕೂತುಕೊಳ್ಳಿ. ಅವರ ಬಿಸಿಲು ನಿಮಗೂ ತಾಗಲಿ. ಮಿಲಿಂದನಂತೆ ಎಡವಬೇಡಿ. ಅವನೂ ಇಲ್ಲೇ, ಕೊನೆಯ ಸಾಲಿನಲ್ಲಿ ನಿಮ್ಮ ಜೊತೆಗೇ ಕೂತಿದ್ದಾನೆ. ಆ ವರದಿಯಿಂದಾಗಿ ನಪಾಸಾಗಿ ಕ್ಷೇತ್ರಕಾರ್ಯದ ವಿಷಯವನ್ನು ಮತ್ತೆ ಓದುತ್ತಿದ್ದಾನೆ. ಇಡೀ ಶಾಲೆ ಅವನನ್ನು ಪ್ರವಾಸಿ ಎಂದೇ ಕರೆಯುತ್ತದೆ.

ಮೇಡಂ ತಿದ್ದಿಕೊಟ್ಟ ಭಾಷಣ ಇಲ್ಲಿಗೆ ಮುಗಿಯಿತು.

ಆದರೆ ನಿನ್ನೆ ರೊಟ್ಟಿ ಬಡಿಯುತ್ತ ನನ್ನ ತಾಯಿ ಅಂದರು: "ಸೋಮವಾರ ಮತ್ತ ಬರ್ತಾರಂತ. ಎಲ್ಲಾರಿಗೂ ಹೇಳಿಟ್ಟೇನಿ, ತಿರಗಾಡಾಕ ಬಂದೇವಿ ಅನ್ರಿ ಅಂತ." ನಾನು ಬೇಡವೆಂದೆ, ನೆರಳು ಸಿಗುತ್ತದೆ ಎಂದೆ. "ನಿಮ್ಮ ಸಾಲ್ಯಾಗ ಚಾ ಕುಡಸ್ತಾರ, ಬೀಚಿನ್ಯಾಗ ಬ್ಯಾಗ್ ಕಸಗೋತಾರ. ಹೋದ ಸಲಾ ನೀ ಮೊದಲ ಹೇಳಿದ್ದಕ್ಕ ಅವತ್ತ ಎಲ್ಲಾರೂ ಉಳಕೊಂಡ್ವಿ."

ಸಭಿಕರೇ, ನಾನು ಮೊದಲೇ ಹೇಳಿದ್ದೆ. ಮಿಲಿಂದ ಹೋಗುವ ಹಿಂದಿನ ದಿನ ಕುಂಕಳ್ಳಿಯಿಂದ ಅವ್ವನಿಗೆ ಫೋನು ಮಾಡಿ, ನಾಳೆ ಕನ್ನಡಕದ ಒಬ್ಬ ಸಾಹೇಬ ಬ್ಯಾಗು ಹಿಡಿಯಲು ಬರುತ್ತಾನೆ, ವೇಷ ಮರೆಸಿಕೊಂಡು, ಎಂದಿದ್ದೆ. ಸಮವಸ್ತ್ರವಿಲ್ಲದ ಮಿಲಿಂದನಿಗೆ ಬೇರೆ ಯಾವ ದಿನವಾದರೂ ಅವ್ವ ಎರಡು ಸರ ಮಾರಿಯೇ ಬಿಡುತ್ತಿದ್ದರು. ಅವನ ಪೆಚ್ಚು ಮುಖ ನೋಡಿ ಒಂದು ಮಧ್ಯಾಹ್ನ ನಗಬೇಕು ಎನ್ನುವುದಷ್ಟೇ ನನ್ನ ಉದ್ದೇಶವಾಗಿತ್ತು. ವರದಿ ಓದಿದವರು ಯಾರಾದರೂ ನಕ್ಕೇ ನಗುತ್ತಾರೆ, ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡೆ. ಯಾರೂ ನಗಲಿಲ್ಲ, ಅದು ಒಳ್ಳೆಯ ಇಂಗ್ಲಿಷಿನಲ್ಲಿತ್ತು.

ಮಿಲಿಂದ, ನೀನು ಎಡವಲಿಲ್ಲ, ನಾನು ಕಾಲು ಅಡ್ಡ ಇಟ್ಟೆ. ಅವ್ವಾ, ಅವತ್ತ ಯಾವ ಸಾಹೇಬನೂ ಬಂದಿದ್ದಿಲ್ಲ. ನಾ ಸುಳ್ಳ ಹೇಳಿದ್ನಿ. ಸೋಮವಾರ ಖರೇ ಹೇಳವಾ, ಎಲ್ಲಾರಿಗೂ ಖರೇ ಹೇಳಾಕ ಹೇಳು. ಮನ್ಯಾಗ ಹೇಳಾಕ ಧೈರ್ಯಾ ಆಗಲಿಲ್ಲ, ಅದಕ್ಕ ಇಷ್ಟ ಮಂದಿ ನಡುವ ಹೇಳಾಕತ್ತೇನಿ.

ಇಷ್ಟು ಹೊತ್ತು ಕೂತು ಕೇಳಿದ ಎಲ್ಲರಿಗೂ ನಾನು ಋಣಿ. ಮೂರನೇ ಕುರ್ಚಿಯಿಂದ ಎದ್ದು ವೇದಿಕೆಯ ಕಡೆಗೆ ಬರುತ್ತಿರುವ ನನ್ನ ತಾಯಿಯನ್ನು ಯಾರಾದರೂ ಒಂದು ನಿಮಿಷ ತಡೆದು ಕೂರಿಸಿದರೆ ಅವರಿಗೆ ವಿಶೇಷವಾಗಿ ಋಣಿ. ನಮಸ್ಕಾರ.