ಭಾಗ್ಯಶ್ರೀಗಿ ಕಾಗಿ ಮುಟ್ಟಿದ್ದಿಲ್ಲ

ಏ, ಆ ಫೋನ್ ತೆಳಗಿಡ್ರಲೇ. ಕರೆಂಟ್ ಹೋದ್ರೂ ನಿಮ್ಮ ಮಾರಿ ಮ್ಯಾಲಿನ ಬೆಳಕು ಹೋಗಂಗಿಲ್ಲ ನೋಡು. ಇಡ್ರಿ… ಹಾಂ. ಈಗ ಕೇಳ್ರಿ. ಇದು ಕಟ್ಟಿದ ಕತಿ ಅಲ್ಲ. ನಮ್ಮ ಚಿಗವ್ವನ ಮಗ ಚನ್ನುಗ ಆದದ್ದು. ಹೋದ ವರ್ಷ, ಶ್ರಾವಣದಾಗ, ಕುರಕುಂಟಾದಾಗ.

ಚನ್ನು ಸೇಡಮದಾಗ ಪರಸಿ ಕಲ್ಲಿಗಿ ಪಾಲಿಶ್ ಹೊಡಿಯೋ ಮಶೀನ್ ಮ್ಯಾಲ ಕೆಲಸ ಮಾಡ್ತಾನ. ಅವತ್ತ ಕಡೀ ಟಂಟಂ ಆಟೋ ಹಿಡದು ಊರ ಕ್ರಾಸಿಗಿ ಇಳದಾಗ ರಾತ್ರಿ ಹತ್ತೂವರಿ. ಅಲ್ಲಿಂದ ಮನಿಗಿ ನಡಕೋತ ಹೋಗಬೇಕು. ಎರಡೂ ಕಡಿ ತೊಗರಿ ಹೊಲ. ನಡುವ ಒಂದು ಹಳೇ ಬಾವಿ, ಬಾವಿ ಮ್ಯಾಲ ಬಾಗಿದ ಆಲದ ಗಿಡ. ಮಳಿ ಬಂದು ನಿಂತಿತ್ತು. ಎಲಿ ಮ್ಯಾಗಿನ ನೀರು ಬಾವ್ಯಾಗ ಬೀಳ್ತಿತ್ತು… ಟಳಕ್… ಟಳಕ್. ಅದರ ನಡುವ ಇನ್ನೊಂದು ಸಪ್ಪಳ. ಘುರ್ರ್… ಘುರ್ರ್… ಕಲ್ಲಿನ ಮ್ಯಾಲ ಇಟ್ಟ ಫೋನ್ ನಡಗಿದ್ರ ಬರ್ತದಲ್ಲ, ಅದು.

ಬಾವಿ ದಂಡಿ ಮ್ಯಾಲ ಭಾಗ್ಯಶ್ರೀ ಕುಂತಿದ್ಲು. ಚನ್ನುನ ತಂಗಿ. ಕಾಲು ಒಳಗ ಬಿಟಗೊಂಡು.

ನಿಂದ್ರು, ಅವಸರ ಮಾಡಬ್ಯಾಡ. ಮೊದಲ ಅವತ್ತ ಏನಾಗಿತ್ತಂತ ಹೇಳ್ತೀನಿ.

ಭಾಗ್ಯಶ್ರೀ ಪಿಯುಸಿ ಎರಡನೇ ವರ್ಷ. ಸೇಡಮದಾಗ ಒಂದು ಕಾಲೇಜು, ಹೆಸರು ಕೇಳಬ್ಯಾಡ್ರಿ. ಆಗಸ್ಟ್ ಹದಿನೈದಕ್ಕ ಝಂಡಾ ಹಾರಸಾಗ ಹುಡುಗಿ ನಾಷ್ಟಾ ಮಾಡಿದ್ದಿಲ್ಲ, ಬಿಸಿಲಾಗ ಚಕ್ಕರ್ ಬಂದು ಬಿತ್ತು. ಯಾವನೋ ವಿಡಿಯೋ ಹೊಡದ. ಅವತ್ತಿಂದ ಆಕಿ ಹೆಸರೇ ಹೋತು. ಕ್ಲಾಸಿಗಿ ಬಂದ್ರ "ಹೆಣ ಬಂತು" ಅನ್ನೂದು. ಕ್ಲಾಸಿನ ಗ್ರೂಪಿನಾಗ ಅರವತ್ತೆರಡು ಮಂದಿ, ದಿನಾ ಅದೇ ವಿಡಿಯೋ, ಅದೇ ನಗು. ಸರ್‌ಗ ಹೇಳಿದ್ಲು. "ನೀ ಗ್ರೂಪ್ ಬಿಟ್ಟುಬಿಡವ್ವ" ಅಂದ್ರಂತ. ಬಿಟ್ಲು. ಬಿಟ್ಟ ಮ್ಯಾಲ ಒಬ್ಬೊಬ್ಬರು ಆಕಿ ನಂಬರಿಗೇ ಕಳಿಸ್ಲಿಕತ್ರು. ನಮ್ಮ ಓಣಿ ಜಬೀನ್ ಟೀಚರ್ ಹೇಳ್ತಿದ್ಲು, ಪರದೇಶದ ಸಾಲಿ ಹುಡುಗರೂ ಹಿಂಗೇ ಮಾಡ್ತಾರಂತ, ಎಲ್ಲಾ ದೇಶದಾಗೂ ಇದೇ ಅದ ಅಂತ. ಇರ್ಲಿ. ನನಗ ಪರದೇಶ ಕಟಗೊಂಡು ಏನಾಗಬೇಕು? ನಮ್ಮ ಹುಡುಗಿ ಮಾತಾಡೂದು ಬಿಟ್ಟಿತ್ತು. ಅಳ್ತಿದ್ದಿಲ್ಲ ಸೈತ. ರೊಟ್ಟಿ ಹಾಕಿದ್ರ ತಿಂತಿತ್ತು, ಹಾಕದಿದ್ರ ಇಲ್ಲ.

ಚನ್ನು ಬಾವಿ ದಂಡಿಗಿ ಆಕಿನ್ನ ನೋಡಿದ ದಿನ ಸಂಜಿಮುಂದ ಕ್ಲಾಸಿನವರು ಒಂದು ಕಾರ್ಡ್ ಮಾಡಿದ್ರು. ಆಕಿ ಬಸ್ ಪಾಸಿನ ಫೋಟೋ, ಸುತ್ತ ಹೂವಿನ ಹಾರ, ಎರಡೂ ಕಡಿ ದೀಪ, ಮ್ಯಾಲ "ಭಾವಪೂರ್ಣ ಶ್ರದ್ಧಾಂಜಲಿ". ತೆಳಗ ತಾರೀಖು. ಅವತ್ತಿಂದೇ ತಾರೀಖು. ಅದು ಅವರಿವರ ಫೋನ್ ದಾಟಿ ನಮ್ಮ ಬೀಗರು ಬಳಗದ ಗ್ರೂಪಿಗೂ ಬಂತು.

ಇಲ್ಲೇ ನಾವು ತಪ್ಪಿದ್ದು. ನಮ್ಮ ಕಡಿ ಪದ್ಧತಿ ಗೊತ್ತದಲ್ಲ? ಕಾಗಿ ಬಂದು ತಲಿಗಿ ಮುಟ್ಟಿದ್ರ ಕೇಡು. ಅದಕ್ಕ ಆ ಮನುಷ್ಯ ಸತ್ತ ಅಂತ ಬೀಗರಿಗೆಲ್ಲ ಸುಳ್ಳು ಸುದ್ದಿ ಕಳಸ್ತಾರ. ಕೇಳಿದವರು ಅಳ್ತಾರ. ಅತ್ತ ಮ್ಯಾಲ ಖರೇ ಹೇಳೂದು. ಕೇಡು ಆ ಕಣ್ಣೀರಿನಾಗ ಹೋಗ್ತದ. ಅಲ್ಲೀತನಕ ಖರೇ ಏನು ಅಂತ ಯಾರೂ ಕೇಳಬಾರದು. ರೇವಣಸಿದ್ದಯ್ಯ ಮಾವ ಕಾರ್ಡ್ ನೋಡಿದ ಕೂಡ್ಲೇ ಗ್ರೂಪಿನಾಗ ವಾಯ್ಸ್ ಹಾಕಿದ: "ಹುಡುಗಿಗಿ ಕಾಗಿ ಮುಟ್ಟಿರಬೇಕು. ಈಗೇ ತಾಸಿನ ಹಿಂದ ಚಂದಮ್ಮ ನನ್ನ ಸಂಗಟ ಮಾತಾಡ್ಯಾಳ, ಎಲ್ಲಾ ಛಲೋ ಅದ. ಯಾರೂ ಫೋನ್ ಮಾಡಬ್ಯಾಡ್ರಿ, ಸುಮ್ನ ಅಳ್ರಿ." ಚಂದಮ್ಮ ಅಂದ್ರ ನಮ್ಮ ಚಿಗವ್ವ. ಆಕಿ ಕಡಿ ಇರೋದು ಬಟನ್ನಿನ ಡಬ್ಬಾ ಫೋನು, ಆಕಿಗಿ ಕಾರ್ಡ್ ಬಂದೇ ಇಲ್ಲ. ಆಕಿನೇ ಯಾರ ಕೈಲೋ ಕಳಿಸ್ಯಾಳಂತ ನಾವು ತಿಳಕೊಂಡ್ವಿ.

ನಾನೂ ಚಿತ್ತಾಪುರದಾಗ ಒಲಿ ಮುಂದ ಕುಂತು, ಸೆರಗು ಬಾಯಿಗಿ ಹಚ್ಚಿ, "ಅಯ್ಯ ನನ್ನವ್ವಾ" ಅಂದೆ. ಕಣ್ಣೀರು ಬರಲಿಲ್ಲ. ಕೈ ಮುಗದ ಚಿತ್ರ ಒತ್ತಿ ಕಳಿಸಿದೆ. ಆಮ್ಯಾಲ ಪಲ್ಯಾಕ್ಕ ಒಗ್ಗರಣಿ ಹಾಕಿದೆ. ಥೂ ನನ್ನ ಜನ್ಮಕ್ಕ.

ಆ ಗ್ರೂಪಿನಾಗ ಭಾಗ್ಯಶ್ರೀನೂ ಇದ್ಲಲ್ಲ… ಅದು ನಮಗ್ಯಾರಿಗೂ ನೆಪ್ಪಾಗಲಿಲ್ಲ. ಮಾವ ಮಾತಾಡಿದ್ದು ಆಕಿ ಕೇಳಲೇ ಇಲ್ಲ. ಕೈ ಮುಗದದ್ದಷ್ಟೇ ನೋಡಿದ್ಲು. ಮಾವಂದು, ನಂದು, ಸ್ವಂತ ಅಣ್ಣಂದು.

ಈಗ ಬಾವಿಗಿ ಬರ್ರಿ.

"ಭಾಗ್ಯಾ… ಇಲ್ಲಿ ಯಾಕ ಕುಂತಿ?" ಚನ್ನು ಮೆಲ್ಲಕ ಕೇಳಿದ. ಜೋರ್ ಮಾತಾಡಿದ್ರ ಜಾರಿ ಬೀಳ್ತಾಳೇನೋ ಅಂತ ಹೆದರಿಕಿ.

"ನೀ ಅತ್ತಿ ಏನಣ್ಣ?"

"ಏನು?"

"ಕಾರ್ಡ್ ನೋಡಿ… ನೀ ಅತ್ತಿ ಏನು?"

ಚನ್ನು ಅತ್ತಿದ್ದಿಲ್ಲ. ಸಂಗಟ ಕೆಲಸ ಮಾಡೋ ಅಂಬರೇಶಗ ತೋರಿಸಿ ನಕ್ಕಿದ್ದ.

"ಕಾಗಿ ಮುಟ್ಟ್ಯದಂತ ಅಂದ್ರಲ್ಲವ್ವ…"

"ಕಾಗಿ ಮುಟ್ಟಿಲ್ಲ." ದನಿ ಸಪ್ಪಗಿತ್ತಂತ. ಸಿಟ್ಟಿಲ್ಲ, ಅಳು ಇಲ್ಲ. "ಕ್ಲಾಸಿನವರು ಮಾಡ್ಯಾರ. ನೀವೂ ಎಲ್ಲಾರು ಕೈ ಮುಗದೀರಿ. ನಾ ಸತ್ತೇ ಹೋಗೀನೇನೋ ಅಂತ ನನಗೂ ಅನಸ್ಲಿಕತ್ಯದ ಅಣ್ಣ."

ಘುರ್ರ್… ಅಂತು ಫೋನು. ಆಕಿ ಜರಾ ಮುಂದ ಸರದ್ಲು.

ಚನ್ನು ಜಿಗದು ಬಲಗೈಲೆ ಆಕಿ ಎಡಗೈ ಹಿಡದ. ಮಳ್ಯಾಗ ನೆಂದ ಕಲ್ಲಿನಂಗ ತಣ್ಣಗಿತ್ತಂತ. ಜಗ್ಗಿದ… ಬರಲಿಲ್ಲ. ಹುಡುಗಿ ಇರೋದೇ ಸಣಕಲಿ, ಆದ್ರ ಕೆಳಗಿಂದ ಇನ್ಯಾರೋ ಜಗ್ಗಿದಷ್ಟು ಭಾರ. ದಂಡಿಗಿ ಕಾಲು ಒತ್ತಿ ಹಲ್ಲು ಕಚ್ಚಿ ಜಗ್ಗಿದ. ಬಂದ್ಲು. ಆಮ್ಯಾಲ ಕೈ ಬಿಡಲಿಲ್ಲ, ಮನಿ ತನಕ ಹಿಡಕೊಂಡೇ ನಡದ. ಹಿಂದ ಕೆಸರಾಗ ಚಪ್ಪಲ್ ಸಪ್ಪಳ… ಪಚ್… ಪಚ್… ಪಚ್.

ಚಿಗವ್ವ ಬಾಗಿಲಾ ತೆಗದ್ಲು.

"ಯಾಕೋ, ಕೈ ಹಿಂದ ಯಾಕ ಹಿಡದಿ?"

"ಭಾಗ್ಯಾನ ಕರಕೊಂಡು ಬಂದೀನವ್ವ."

"ಆಕಿ ಸಂಜಿಂದ ಒಳಗೇ ಮಲಗ್ಯಾಳಲ್ಲೋ. ಅಗಳಿ ನಾನೇ ಹಾಕೀನಿ."

ಚನ್ನು ತಿರುಗಿ ನೋಡಿದ. ಮುಷ್ಟಿ ಬಿಗಿ ಇತ್ತು. ಅದರಾಗ ಏನೂ ಇದ್ದಿಲ್ಲ.

ಒಳಗ ಓಡಿದ. ಭಾಗ್ಯಶ್ರೀ ಗ್ವಾಡಿಗಿ ಮಾರಿ ಮಾಡಿ ಮಲಗಿದ್ಲು. ಕಣ್ಣು ತೆರದಿದ್ವು. ಅವ್ವಗ ನಿದ್ದಿ ಹತ್ಲಿ, ಎದ್ದು ಬಾವಿಗಿ ಹೋಗಬೇಕಂತ ಕಾಯ್ಲಿಕತ್ತಿದ್ದೆ ಅಂತ ಆಮ್ಯಾಲ ನನಗ ಆಕಿನೇ ಹೇಳ್ಯಾಳ. ಚನ್ನು ಆಕಿ ಹಾಸಿಗಿ ದಂಡಿಗಿ ಕುಂತು ಅತ್ತ. ಕಾಗಿಗಿ ಅಳೋ ಅಳು ಅಲ್ಲ. ಓಣಿ ಮಂದಿ ಎದ್ದು ಬರೋಹಂಗ ಬಾಯಿ ತೆರದು ಅತ್ತ.

ಭಾಳ ಹೊತ್ತಾದ ಮ್ಯಾಲ ಆಕಿ ಈ ಕಡಿ ಹೊಳ್ಳಿದ್ಲು.

"ಕೈ ಬಿಡಣ್ಣ," ಅಂದ್ಲು. "ಭಾಳ ಬಿಗಿ ಹಿಡದಿ. ನೋಯ್ಲಿಕತ್ಯದ."

ಚನ್ನು ಆಕಿನ್ನ ಮುಟ್ಟೇ ಇದ್ದಿಲ್ಲ.

ಮುಂಜಾನಿ ಮೊದಲನೇ ಬಸ್ಸಿಗಿ ನಾ ಹೋದೆ. ಕಾಲೇಜಿಗೂ ಹೋಗಿ ಕೂಗಾಡಿದ್ವಿ. ತಮಾಷಿಗಿ ಮಾಡಿದ್ವಿ ಅಂದ್ರು ಹುಡುಗರು. ಅದು ಇರ್ಲಿ. ಆಕಿ ಎಡಗೈಗಿ ಕೊಬ್ಬರಿ ಎಣ್ಣಿ ಹಚ್ಚಿದಾಕಿ ನಾನು, ಈ ಕೈಯಾರ. ಹಿಡದ ಗುರುತು ಕಪ್ಪಗ ಮೂಡಿತ್ತು, ಹತ್ತು ದಿನ ಹೋಗಲಿಲ್ಲ. ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ. ಚನ್ನುನ ಬಲಗೈ ತೋರಬಟ್ಟು ಅರ್ಧ ಮೊದಲೇ ಮಶೀನಿಗಿ ಸಿಕ್ಕು ಹೋಗ್ಯದ. ಆ ಗುರುತಿನಾಗೂ ಒಂದು ಬಟ್ಟು ಅರ್ಧಾನೇ ಇತ್ತು.