ಭೀಮಾ ನುಂಗಿದ ಕೋಟೆ

…ಹಂಗ ಬರ್ಕೋರಿ, ವಿದ್ಯಾವತಿ ಅಕ್ಕಾರ. ನಮ್ಮೂರ ಕೋಟಿ ಭೀಮಾ ಹೊಳಿ ತಿಂತು. ಒಂದ ಸಾಲಿನ್ಯಾಗ ಮುಗೀತು ನೋಡ್ರಿ ಇತಿಹಾಸ. ನೀವು ಕಾಲೇಜಿನ್ಯಾಗ ಕಲಿಸೋರು, ಅದನ್ನ ಉದ್ದ ಮಾಡೋದು ನಿಮಗ ಗೊತ್ತೈತಿ. ಇಂಡಿ ತಾಲೂಕಿನ ಪುಸ್ತಕ ಅಂತೀರಿ, ನಮ್ಮೂರಿಗೆ ಎರಡು ಪುಟ ಆದ್ರೂ ಬ್ಯಾಡೇನು? ಅದರ ಕೆಳಗ ಸಣ್ಣಂಗ, ಏಳು ತಲಿಮಾರು ಈ ಕೋಟಿ ಕಾದವರು ಕಿಲ್ಲೇದಾರ ಮನೆತನ, ಈಗಿನವರು ಪಂಢರಿನಾಥ ಅಂತ… ಅಷ್ಟ. ನೀವಾಗಿ ಫೋಟೋ ಹಾಕಿದ್ರ ನಾ ಏನು ಬ್ಯಾಡ ಅನ್ನಂಗಿಲ್ಲ. ರುಮಾಲ ಒಗಿಸಿ ಇಟ್ಟೇನಿ.

ಯಾಕ ನಗ್ತೀರಿ?

ಸಮುದ್ರದ ದಂಡಿ ಕೋಟಿ ಆಗಿದ್ರ ನಗ್ತಿರಲಿಲ್ಲ. ಮೊನ್ನೆ ನಮ್ಮ ಹೃಷೀಕೇಶ, ತಮ್ಮನ ಮಗ, ಕೊಂಕಣಕ್ಕ ಹೋಗಿ ಬಂದ. ಅಲ್ಲೊಂದು ಕೋಟಿ, ತೆರಿ ಬಡದು ಬಡದು ಅರ್ಧ ಕಡಲಪಾಲು ಆಗೇತಂತ. ಉಳದರ್ಧ ನೋಡಾಕ ಮಂದಿ ಪಾಳಿ ಹಚ್ಚಿ ಟಿಕೀಟ ತಗಸ್ತಾರಂತ. ಅದನ್ನ ಕೇಳಿ ನನಗೊಂದು ವಿಚಾರ ಬಂತು… ಅಲ್ಲಲ್ಲ, ನೆನಪಾತು. ನಮ್ಮದೂ ಹಂಗ ಹೋತಲ್ಲ ಅಂತ.

ಯಾವಾಗ ಹೋತಾ? ಒಮ್ಮೆಲೆ ಎಲ್ಲಿ ಹೋಗ್ತೈತ್ರಿ. ನಾಕು ಬುರುಜು ಇದ್ವು. ಮೂಡಲ ಬುರುಜು ನಮ್ಮಜ್ಜ ಈ ಪಡಸಾಲಿ ಕಟ್ಟಿಸಿದ ವರ್ಷ ಹೋತು. ತೆಂಕಲದ್ದು ನನ್ನ ಲಗ್ನದ ವರ್ಷ, ಆಗಷ್ಟ ಜಾನಕಿಬಾಯಿಗೆ ಅಂತ ಹಿಂದ ಅಡಗಿಮನಿ ಎಬ್ಬಿಸಿದ್ವಿ. ಪಡುವಲದ್ದು… ತಡೀರಿ… ದನದ ಕೊಟ್ಟಗಿ ವರ್ಷ. ಬಡಗಲದ್ದು ಒಂದು ಇನ್ನೂ ನಿಂತೈತಿ. ಜಾನಕಿಬಾಯಿ ಬಚ್ಚಲಮನಿ ಕಟ್ಟಸ್ರಿ ಅಂತ ಗಂಟ ಬಿದ್ದಾಳ, ಅದೂ ಈ ಸಲ ಹೊಳಿಪಾಲು ಆಗೋ ಲಕ್ಷಣ ಐತಿ.

ಪೆನ್ನು ಯಾಕ ನಿಲ್ಲಿಸಿದ್ರಿ? ಶಾಯಿ ತೀರೇತೇನು?

ನಮ್ಮ ಕಡಿ ಹಂಗ ಅಕ್ಕಾರ. ಇಸ್ವಿ ಗಿಸ್ವಿ ಯಾರಿಗೆ ನೆನಪಿರ್ತೈತಿ? ಮನಿಗೆಲಸದ ಮ್ಯಾಲ ವರ್ಷ ಗುರ್ತು ಹಿಡೀತೀವಿ.

ಏನಂದ್ರಿ? ಹೊಳಿಯಿಂದ ನಡಕೊಂತ ಬಂದ್ರಾ? ಈ ಬಿಸಲಾಗ, ದಿಬ್ಬ ಏರಿ? ಹೇಳಬಾರದೇನ್ರಿ, ಗಾಡಿ ಕಳಸ್ತಿದ್ದೆ. ಹೌದು, ಹೊಳಿ ಕೆಳಗ, ಕೋಟಿ ದಿಬ್ಬದ ಮ್ಯಾಲ, ಖರೇ. ಅರ್ಧ ತಾಸು ಹಿಡೀತಾ? ಅದು ನಿಮಗ್ರಿ. ನೀರು ಓಡ್ಕೊಂತ ಬರ್ತೈತಿ.

ಮಹಾಪೂರ ಬಂದಾಗೂ ಕೆಳಗಿನ ಹನುಮಪ್ಪನ ಗುಡಿಕಟ್ಟಿ ಮುಟ್ಟಿ ಹೊಳ್ಳಿ ಹೋಗೇತಿ, ಊರಾಗ ಒಬ್ಬರ ಹೊಸ್ತಿಲಿಗೂ ಬಂದಿಲ್ಲ, ಅದೂ ಖರೇ. ಆದ್ರ ಹೊಳಿಗೆ ಕಣ್ಣಿರ್ತಾವ ಅಕ್ಕಾರ. ಮನಿ ಬಿಟ್ಟು, ಬಣವಿ ಬಿಟ್ಟು, ಊರಿಗೊಂದು ಸುತ್ತು ಹಾಕಿ, ದಿಬ್ಬ ಏರಿ ಸೀದಾ ಬುರುಜಿಗೇ ಹೋಗ್ಯಾಳ. ಏನೋ ಹಳೇ ಸಿಟ್ಟಿರಬೇಕು.

ಬಾಗಲಾ ಏನು ನೋಡ್ತೀರಿ? ಕೆಳಗಿನ ಕಲ್ಲಾ? ಅದರ ಮ್ಯಾಲ ಆನಿ ಅದಾವ, ಎರಡು. ನಮ್ಮಜ್ಜಗ ಆನಿ ಅಂದ್ರ ಭಾಳ ಪ್ರೀತಿ.

ನೀರು ಕುಡೀರಿ. ಕುಡದು ಬರೀರಿ.

ಈಗ ಮ್ಯಾಲ್ಯಾಕ ನೋಡಾಕತ್ತೀರಿ? ಮಾಳಗಿ ಅದು, ಮಣ್ಣಿನ ಮಾಳಗಿ. ಮಿರಗದ ಮಳಿ ಹಿಡಿಯೋಕಿಂತ ಮೊದಲ ವರ್ಷಾ ಮ್ಯಾಲ ಮಣ್ಣು ಹಾಕಬೇಕಲ್ಲ, ಇಲ್ಲಂದ್ರ ಸೋರ್ತೈತಿ. ಯಾವ ಮಣ್ಣಾ? ಹಳೇ ಮಣ್ಣ ಬೇಕ್ರಿ. ಹೊಸಾದು ನಿಲ್ಲಂಗಿಲ್ಲ. ನಾಕುನೂರು ವರ್ಷ ಬಿಸಲು ಮಳಿ ತಿಂದು, ಸಿಪಾಯಿಗಳ ಕಾಲಾಗ ತುಳಿಸಿಕೊಂಡ ಮಣ್ಣಂದ್ರ… ಒಂದು ಹನಿ ಇಳೀತಂದ್ರ ಕೇಳ್ರಿ. ಶಂಕರೆಪ್ಪನ ಮಾಳಗಿ ಮ್ಯಾಲೂ ಅದ, ಗೈಬುಸಾಬನ ಮಾಳಗಿ ಮ್ಯಾಲೂ ಅದ. ಊರೆಲ್ಲಾ ಒಯ್ತಾರ. ಆದ್ರ ಮೊದಲನೇ ಬುಟ್ಟಿ ಮಾತ್ರ ಕಿಲ್ಲೇದಾರರು ತುಂಬಬೇಕು. ನಾವು ಸಲಿಕಿ ಹಾಕದ ಹೊರತು ಬ್ಯಾರೆದವರು ಕೋಟಿ ಮುಟ್ಟಂಗಿಲ್ಲ. ಏಳು ತಲಿಮಾರಿನ ಮಾನ ಐತ್ರಿ ಅದು…

ನಾ ಇದನ್ನ ಹೇಳಬಾರದಿತ್ತು, ಹೌದಿಲ್ಲೋ?

ಅಕ್ಕಾರ.

ಏನರ ಮಾತಾಡ್ರಿ. ಬೇಕಾದ್ರ ಬೈರಿ. ಹಿಂಗ ಸುಮ್ಮ ಕೂತು ನೋಡಿದ್ರ ಹೆಂಗ… ಜಾನಕಿಬಾಯಿನೂ ಹಿಂಗ. ಆಕಿ ಏನೂ ಕೇಳಂಗಿಲ್ಲ, ನೋಡ್ತಾಳ. ನಾ ಎಲ್ಲಾ ಒದರಿಬಿಡ್ತೇನಿ.

ಆ ಸಾಲು ಹೊಡದ ಹಾಕ್ರಿ. ಅದ, ಹೊಳಿ ತಿಂತು ಅಂದದ್ದು. ನಮ್ಮ ಹೆಸರು ಬರೀದಿದ್ರೂ ನಡೀತೈತಿ. ನಡಿಯಂಗಿಲ್ಲ… ಆದ್ರೂ ಬಿಡ್ರಿ. ಭೀಮಾ ಅಂದ್ರ ಪಂಢರಪುರದಾಗ ವಿಠ್ಠಲನ ಪಾದದ ಮಗ್ಗಲ ಹಾದು ಬರೋ ನೀರು. ಬರೇ ಎರಡು ಪುಟದ ಆಸೆಕ್ಕ ನಮ್ಮ ತಪ್ಪು ಆಕಿ ತಲಿ ಮ್ಯಾಲ ಹಾಕೀನಿ. ನಾಳೆ ಏಕಾದಶಿ. ಹೊಳ್ಯಾಗ ಸೊಂಟಮಟ ಇಳದು ಮುಳುಗು ಹಾಕಬೇಕು ನಾ. ಆಗ ಆಕಿ, ‘ಯಾಕೋ ಪಂಢರಿ, ನಾ ಯಾವಾಗ ತಿಂದೆ?’ ಅಂದ್ರ…

ಈಜು ಬರಂಗಿಲ್ರಿ ನನಗ.