ಆಫೀಸರು ಬಂದಾಗ ಕೂರುವ ಸ್ಟೂಲು

ದಿನವಿಡೀ ಮಿಷನ್ ತುಳಿದು ಸೊಂಟ ಬಿದ್ದುಹೋಗಿದ್ದ ದರ್ಜಿಗೆ ಬಸ್ಸಿನಲ್ಲಿ ಸೀಟು ಸಿಕ್ಕಿದ್ದೇ ಪುಣ್ಯ. ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದ ಅಕ್ಕತಂಗಿಯರ ಮಾತು ಕೇಳಬೇಕೆಂದೇನೂ ಅವನಿಗಿರಲಿಲ್ಲ. ಕಿವಿ ತಾನಾಗಿಯೇ ಅತ್ತ ಹೋಯಿತು. ಅಕ್ಕ ದೊಡ್ಡ ಬಟ್ಟೆ ಅಂಗಡಿಯೊಂದರ ಸಮವಸ್ತ್ರದಲ್ಲಿದ್ದಳು. ತಂಗಿ ಅಂಥದೇ ಹೊಸ ಸಮವಸ್ತ್ರದ ಪೊಟ್ಟಣವನ್ನು ಎದೆಗವಚಿಕೊಂಡಿದ್ದಳು.

"ಈಗ ಕೂರೋಕೆ ಸ್ಟೂಲ್ ಕೊಟ್ಟಿದ್ದಾರಂತಲ್ಲ ಅಕ್ಕಾ?"

"ಕೊಟ್ಟಿದ್ದಾರೆ. ಕಾನೂನು ಬಂತಲ್ಲ, ಕೊಡದೆ ಏನ್ಮಾಡ್ತಾರೆ."

"ಸದ್ಯ. ನಿನ್ನ ಕಾಲು ಉಳೀತು."

"ಅದರ ಮೇಲೆ ಅಂಗಿ ಪೇರಿಸ್ತೀವಿ ಕಣೆ. ತಪಾಸಣೆಗೆ ಆಫೀಸರು ಬಂದಾಗ ಮಾತ್ರ ನಾವು ಕೂರೋದು."

"ಬಂದಿದ್ದು ಹೇಗೆ ಗೊತ್ತಾಗುತ್ತೆ?"

"ಮ್ಯಾನೇಜರ್ ಬೆಲ್ ಹೊಡೀತಾನೆ. ಅಂಗಿ ಎಲ್ಲ ಕೆಳಗಿಟ್ಟು ಕೂರಬೇಕು. ಅವರು ಹೋದ್ಮೇಲೆ ಇನ್ನೊಂದು ಬೆಲ್. ಏಳಬೇಕು."

ತಂಗಿಗೆ ನಗು ಬಂತು. "ಒಳ್ಳೆ ಸ್ಕೂಲಿನ ಥರ."

"ನಗಬೇಡ. ಹೋದ ವಾರ ನನ್ನ ಪಕ್ಕದವಳು ಕೂತಲ್ಲೇ ನಿದ್ದೆ ಹೋದ್ಲು. ಬೆಳಗ್ಗೆ ಇನ್ನೊಂದು ಕಡೆ ಕಸ ಗುಡಿಸಿ ಬರೋಳು, ಪಾಪ. ಎರಡನೇ ಬೆಲ್ ಅವಳಿಗೆ ಕೇಳಿಸ್ಲೇ ಇಲ್ಲ."

"ಆಮೇಲೆ?"

"ಆಮೇಲೇನು, ತೆಗೆದ್ರು. ಅವಳ ಜಾಗಕ್ಕೇ ನಾನು ನಿನ್ನ ಹೆಸರು ಹೇಳಿದ್ದು."

ತಂಗಿ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. ದರ್ಜಿಗೆ ಕೂತಿರಲಾಗಲಿಲ್ಲ. ಎದ್ದು, "ಕೂತ್ಕೊಳ್ಳಮ್ಮ" ಎಂದ. ತಂಗಿ ಕೂರಲು ಹೊರಟಳು. ಅಕ್ಕ ಅವಳ ಮೊಣಕೈ ಹಿಡಿದು ನಿಲ್ಲಿಸಿದಳು.

"ಬೇಡ. ಇವತ್ತಿಂದಲೇ ಅಭ್ಯಾಸ ಮಾಡ್ಕೋ."

ಅವರು ಇಳಿಯುವ ಹೊತ್ತಿಗೆ ಆ ಸೀಟಿನಲ್ಲಿ ಯಾರದೋ ಚೀಲ ಕೂತಿತ್ತು.